ಅಂಕಿ ಎಣಿಸುವ ಟೂಲ್‌ಗೆ ಏಜೆಂಟ್ ಓದುವಂಥ ವಿವರಣೆ ಬರೆದ ಬಗೆ

ಉದ್ದನೆಯ ಸಂಖ್ಯೆಯೊಂದನ್ನು ಭಾಷಾ ಮಾದರಿಗೆ ಕೊಟ್ಟು ಇದರಲ್ಲಿ ಎಷ್ಟು ಅಂಕಿಗಳಿವೆ ಎಂದು ಕೇಳಿದರೆ ಅದು ಎಡವುವುದುಂಟು. ಹಲವು ಮಾದರಿಗಳಲ್ಲಿ ಎರಡು-ಮೂರು ಅಂಕಿಗಳು ಸೇರಿ ಒಂದೇ ಟೋಕನ್ (ಮಾದರಿ ಓದುವ ಪಠ್ಯದ ತುಣುಕು) ಆಗಿರುತ್ತವೆ, ಬಿಡಿ ಅಂಕಿ ಅದಕ್ಕೆ ನೇರವಾಗಿ ಕಾಣುವುದೇ ಇಲ್ಲ. ಆದ್ದರಿಂದ ಎಣಿಕೆಯ ಕೆಲಸವನ್ನು ಟೂಲ್‌ಗೆ, ಅಂದರೆ ಮಾದರಿ ಕರೆದು ಬಳಸುವ ಪುಟ್ಟ ಪ್ರೋಗ್ರಾಂಗೆ, ಒಪ್ಪಿಸುವುದೇ ಸರಿ. ಇದರ ಕೋಡ್ ಹತ್ತಿಪ್ಪತ್ತು ಸಾಲಿನಲ್ಲಿ ಮುಗಿಯುತ್ತದೆ. ಹೆಚ್ಚು ಸಮಯ ಹಿಡಿಯುವುದು ವಿವರಣೆ ಬರೆಯುವುದಕ್ಕೆ, ಯಾಕೆಂದರೆ ಏಜೆಂಟ್ (ಟೂಲ್‌ಗಳನ್ನು ತಾನೇ ಕರೆದು ಕೆಲಸ ಮಾಡುವ ಭಾಷಾ ಮಾದರಿ) ಕೋಡನ್ನು ಓದುವುದಿಲ್ಲ. ಎಂಸಿಪಿ (ಮಾದರಿಗಳಿಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಪ್ರೋಟೋಕಾಲ್) ಮೂಲಕ ಟೂಲ್ ಕೊಟ್ಟಾಗ ಅದು ಮುಖ್ಯವಾಗಿ ನೆಚ್ಚಿಕೊಳ್ಳುವುದು ಹೆಸರು, ವಿವರಣೆ ಮತ್ತು ಇನ್‌ಪುಟ್ ಸ್ಕೀಮಾವನ್ನು (ಯಾವ ಇನ್‌ಪುಟ್ ಯಾವ ರೂಪದಲ್ಲಿರಬೇಕೆಂಬ ವಿವರ). ಕರೆಯಬೇಕೋ ಬೇಡವೋ, ಕರೆದರೆ ಏನು ಕಳಿಸಬೇಕು ಎಂಬುದನ್ನೆಲ್ಲ ಅದು ಇವುಗಳಿಂದಲೇ ತೀರ್ಮಾನಿಸುತ್ತದೆ.

ಮೊದಲು ಇಟ್ಟ ಹೆಸರು 'ಕೌಂಟ್ ಡಿಜಿಟ್ಸ್'. ಅದೇ ಮೊದಲ ತಪ್ಪು. 7707 ಎಂಬ ಸಂಖ್ಯೆಯನ್ನೇ ನೋಡಿ: ಇದರ ಅಂಕಿಗಳು 4, ಬೇರೆ ಬೇರೆ ಅಂಕಿಗಳು 2, ಏಳು ಬರುವುದು 3 ಸಲ, ಅಂಕಿಗಳ ಮೊತ್ತ 21. ಆ ಹೆಸರು ಓದಿದ ಏಜೆಂಟ್ ಈ ನಾಲ್ಕೂ ಪ್ರಶ್ನೆಗಳನ್ನು ಒಂದೇ ಟೂಲ್‌ಗೆ ತಂದು ಸುರಿಯುತ್ತದೆ. ಒಟ್ಟು ಎಷ್ಟು ಅಂಕಿ ಎಂದು ಹೇಳುವ 'ಡಿಜಿಟ್ ಲೆಂತ್', ಯಾವ ಅಂಕಿ ಎಷ್ಟು ಸಲ ಎಂದು ಹೇಳುವ 'ಡಿಜಿಟ್ ಫ್ರೀಕ್ವೆನ್ಸಿ' ಎಂದು ಎರಡಾಗಿ ಒಡೆದೆ. ಪ್ರತಿಯೊಂದರ ವಿವರಣೆಯಲ್ಲೂ ಅದು ಏನು ಮಾಡುವುದಿಲ್ಲ ಎಂಬ ಸಾಲನ್ನೂ ಸೇರಿಸಿದೆ: 'ಅಂಕಿಗಳ ಮೊತ್ತಕ್ಕೆ ಇದನ್ನು ಬಳಸಬೇಡಿ', '1ರಿಂದ 100ರಂಥ ಸಾಲು ಸಂಖ್ಯೆಗಳಿಗೆ ಅಲ್ಲ, ಒಂದೇ ಸಂಖ್ಯೆಗೆ ಮಾತ್ರ'. ಎರಡನೆಯದು ಇಲ್ಲದಿದ್ದರೆ, 1ರಿಂದ 100ರವರೆಗೆ ಬರೆದಾಗ 1 ಎಷ್ಟು ಸಲ ಬರುತ್ತದೆ ಎಂಬ ಪ್ರಶ್ನೆಗೆ (ಉತ್ತರ 21) ಏಜೆಂಟ್ ನೂರು ಸಲ ಟೂಲನ್ನು ಕರೆಯಲು ಹೊರಡಬಹುದು.

ಇನ್‌ಪುಟ್ ಸಂಖ್ಯೆಯೇ ಆದರೂ ಸ್ಕೀಮಾದಲ್ಲಿ ಅದರ ಟೈಪ್ ಸ್ಟ್ರಿಂಗ್ (ಅಕ್ಷರಗಳ ಸಾಲು) ಎಂದೇ ಇರಬೇಕು. ಇದರಲ್ಲಿ ರಾಜಿಯಿಲ್ಲ. ಹದಿನಾರು ಒಂಬತ್ತುಗಳನ್ನು, ಅಂದರೆ 9999999999999999 ಅನ್ನು ಜೇಸನ್ (ಪ್ರೋಗ್ರಾಂಗಳು ಮಾಹಿತಿ ಕಳಿಸಲು ಬಳಸುವ ಪಠ್ಯ ರೂಪ) ಸಂಖ್ಯೆಯಾಗಿ ಕಳಿಸಿ ನೋಡಿ. ದಾರಿಯಲ್ಲಿ ಎಲ್ಲಾದರೂ ಜಾವಾಸ್ಕ್ರಿಪ್ಟ್ ಅದನ್ನು ಮಾಮೂಲಿ ಬಗೆಯಲ್ಲಿ ಪಾರ್ಸ್ ಮಾಡಿದರೆ (ಓದಿ ಸಂಖ್ಯೆಯಾಗಿ ಮಾರ್ಪಡಿಸಿದರೆ) 10000000000000000 ಆಗಿಬಿಡುತ್ತದೆ. 16 ಅಂಕಿ ಇದ್ದದ್ದು 17 ಆಯಿತು, ಯಾವ ಎರರೂ ಬರಲಿಲ್ಲ. ಅಲ್ಲಿ ಪೂರ್ಣಾಂಕಗಳು ನಂಬಿಕೆಗೆ ಯೋಗ್ಯವಾಗಿ ಉಳಿಯುವುದು 9007199254740991ರವರೆಗೆ ಮಾತ್ರ. ಟೂಲ್ ಎಷ್ಟು ಸರಿಯಾಗಿ ಎಣಿಸಿದರೂ ಕೈಗೆ ಬಂದದ್ದೇ ಬೇರೆ ಸಂಖ್ಯೆಯಾದರೆ ಏನು ಮಾಡೀತು? 007ರಂತೆ ಸೊನ್ನೆಯಿಂದ ಶುರುವಾಗುವ ಪೂರ್ಣಾಂಕವನ್ನಂತೂ ಜೇಸನ್ ಒಪ್ಪುವುದೇ ಇಲ್ಲ.

ಒಳಗಿನ ಎಣಿಕೆಗೆ ಲಾಗರಿದಮ್ ಸೂತ್ರ ಬೇಡ. ಪೈಥಾನ್‌ನಲ್ಲಿ 1000ಕ್ಕೆ 10ರ ಆಧಾರ ಕೊಟ್ಟು ಲಾಗ್ ಕೇಳಿದರೆ 2.9999999999999996 ಬರುತ್ತದೆ. ದಶಮಾಂಶ ಕತ್ತರಿಸಿ ಒಂದು ಕೂಡಿಸಿದರೆ ನಾಲ್ಕಂಕಿಯ ಸಂಖ್ಯೆ ಮೂರಂಕಿಯದಾಗುತ್ತದೆ. ಲಾಗ್10 ಫಂಕ್ಷನ್ ಬಳಸಿದರೆ ಇದು ಸರಿಹೋಗುತ್ತದೆ, ಆದರೆ ಹದಿನೈದು ಒಂಬತ್ತುಗಳಿಗೆ ಅದು ಪೂರ್ತಿ 15.0 ಕೊಟ್ಟು 16 ಎಂಬ ತಪ್ಪು ಉತ್ತರಕ್ಕೆ ತರುತ್ತದೆ. ಸೊನ್ನೆಗಂತೂ ಲಾಗ್ ಇಲ್ಲವೇ ಇಲ್ಲ. ಇಂಟ್ (ಪೂರ್ಣಾಂಕ) ಮಾಡಿ ಮತ್ತೆ ಸ್ಟ್ರಿಂಗ್ ಮಾಡುವ ದಾರಿಯೂ ಪೈಥಾನ್ 3.11ರಲ್ಲಿ 4300 ಅಂಕಿ ದಾಟಿದರೆ ಎರರ್ ಎಸೆಯುತ್ತದೆ. ಹಾಗಾಗಿ ಬಂದ ಸ್ಟ್ರಿಂಗಿನ ಮೇಲೇ ಕೆಲಸ: ಮೈನಸ್ ಚಿಹ್ನೆ ತೆಗೆ, ಬೇಕಿದ್ದರೆ ಶುರುವಿನ ಸೊನ್ನೆಗಳನ್ನು ತೆಗೆ, ಉಳಿದದ್ದರ ಉದ್ದ ಹೇಳು. ಏನೂ ಉಳಿಯದಿದ್ದರೆ 1.

ಆ 'ಬೇಕಿದ್ದರೆ' ಎಂಬಲ್ಲೇ ಜಗಳ ಇರುವುದು. '007'ರಲ್ಲಿ ಅಂಕಿ ಮೂರೋ ಒಂದೋ? ಫೋನ್ ನಂಬರ್ ಆದರೆ ಮೂರು, ಬೆಲೆಯಾದರೆ ಒಂದು. ಟೂಲ್‌ಗೆ ಇದು ಗೊತ್ತಾಗುವುದಿಲ್ಲ, ಬಳಕೆದಾರರ ಮಾತು ಕೇಳಿಸಿಕೊಂಡ ಏಜೆಂಟ್‌ಗೆ ಗೊತ್ತಿರುತ್ತದೆ. ಅದಕ್ಕೇ 'ಮೋಡ್' ಎಂಬ ಪ್ಯಾರಾಮೀಟರ್ ಇಟ್ಟು, ಅದಕ್ಕೆ ಡಿಫಾಲ್ಟ್ ಕೊಡದೆ ಕಡ್ಡಾಯ ಮಾಡಿದೆ. ಡಿಫಾಲ್ಟ್ ಇದ್ದರೆ ಏಜೆಂಟ್ ಯೋಚಿಸುವ ಗೋಜಿಗೇ ಹೋಗುವುದಿಲ್ಲ. ವಿವರಣೆಯಲ್ಲಿ ಆ ಭಾಗ ಕನ್ನಡಕ್ಕೆ ತಂದರೆ ಹೀಗಿದೆ:

'ಮೌಲ್ಯ' ಮೋಡ್: '007' → 1, '000' → 1, '-45' → 2.
'ಬರಹ' ಮೋಡ್: '007' → 3, '000' → 3, '-45' → 2. ಪಿನ್‌ಕೋಡ್, ಫೋನ್, ಖಾತೆ ಸಂಖ್ಯೆಗಳಿಗೆ ಇದೇ.

ನಿಯಮವನ್ನು ಎರಡು ಪ್ಯಾರಾ ವಿವರಿಸುವುದಕ್ಕಿಂತ ಇಂಥ ಆರು ಉದಾಹರಣೆಗಳು ಹೆಚ್ಚು ಕೆಲಸ ಮಾಡುತ್ತವೆ.

ಅಲ್ಪವಿರಾಮ ಮತ್ತು ದಶಮಾಂಶ ಬಿಂದು ಇರುವ ಇನ್‌ಪುಟ್ ಬೇಡ ಎಂದು ತೀರ್ಮಾನಿಸಿದೆ. 1,00,000 ಎಂದು ಬಂದರೆ ಒಪ್ಪಿಕೊಳ್ಳಬಹುದಿತ್ತು, ಆದರೆ '12,34' ಎಂದರೆ ಎರಡು ಸಂಖ್ಯೆಗಳೋ, ಯುರೋಪಿನ ಕೆಲವೆಡೆ ಬರೆಯುವಂತೆ ದಶಮಾಂಶವೋ? ಊಹಿಸುವುದಕ್ಕಿಂತ ಹಿಂದಕ್ಕೆ ಕಳಿಸುವುದು ಲೇಸು. ಕನ್ನಡ ಅಂಕಿಗಳನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. '೧೨೩'ಕ್ಕೆ ಉತ್ತರ 3. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮವಾದ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಅಂಕಿಯೂ 3 ಬೈಟ್ ತೆಗೆದುಕೊಳ್ಳುವುದರಿಂದ ಬೈಟ್ ಎಣಿಸುವ ಕೋಡ್ 9 ಎನ್ನುತ್ತದೆ. ಪರಿಶೀಲನೆಗೆ ಬಳಸಿದ ಪ್ಯಾಟರ್ನ್ ^-?[0-9೦-೯]+$ (ಮೊದಲಿಗೆ ಇದ್ದರೆ ಒಂದು ಮೈನಸ್, ಆಮೇಲೆ ಬರೀ ಅಂಕಿಗಳು). ಪೈಥಾನ್‌ನಲ್ಲಿ ಕೊನೆಯ ಡಾಲರ್ ಚಿಹ್ನೆ ಹೊಸ ಸಾಲಿನ ಚಿಹ್ನೆಯೊಂದನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಆದ್ದರಿಂದ ಇಡೀ ಸ್ಟ್ರಿಂಗ್ ಹೊಂದಲೇಬೇಕೆನ್ನುವ ಫುಲ್‌ಮ್ಯಾಚ್ ಬಳಸಬೇಕು.

ಈ ಪ್ಯಾಟರ್ನನ್ನು ಸ್ಕೀಮಾದಲ್ಲಿ ಹಾಕದೆ ಕೋಡ್‌ನಲ್ಲೇ ಇಟ್ಟೆ. ಸ್ಕೀಮಾ ತಿರಸ್ಕರಿಸಿದರೆ 'ಪ್ಯಾಟರ್ನ್ ಹೊಂದಲಿಲ್ಲ' ಎಂಬಂಥ ಒಣ ಸಂದೇಶ ಬರುತ್ತದೆ, ಏಜೆಂಟ್ ಅದೇ ಇನ್‌ಪುಟ್ಟನ್ನು ಮತ್ತೆ ಕಳಿಸುತ್ತದೆ. ಈಗಿನ ಎರರ್ ಮುಂದಿನ ಹೆಜ್ಜೆಯನ್ನೇ ಹೇಳುತ್ತದೆ: 'ಅಲ್ಪವಿರಾಮ ಇದೆ. ಒಂದೇ ಸಂಖ್ಯೆಯಾದರೆ ಅದನ್ನು ತೆಗೆದು ಕಳಿಸಿ, ಎರಡಾದರೆ ಎರಡು ಸಲ ಕರೆಯಿರಿ.' ಎಂಸಿಪಿಯಲ್ಲಿ ಇದನ್ನು ಪ್ರೋಟೋಕಾಲ್ ಎರರ್ ಆಗಿ ಅಲ್ಲ, 'ಈಸ್ ಎರರ್' ಗುರುತು ಹಚ್ಚಿದ ಫಲಿತಾಂಶವಾಗಿ ಕಳಿಸಬೇಕು. ಹಾಗೆ ಮಾಡಿದರೆ ಮಾದರಿ ಅದನ್ನು ಓದಿ ತಿದ್ದಿಕೊಳ್ಳಲು ದಾರಿಯಿರುತ್ತದೆ.

'2ರ 1000ನೇ ಘಾತದಲ್ಲಿ ಎಷ್ಟು ಅಂಕಿ' ಎಂಬಂಥ ಲೆಕ್ಕವೂ ಬರುತ್ತದೆ. ಅದನ್ನು ಏಜೆಂಟೇ ಬಿಡಿಸಿ 302 ಅಂಕಿಗಳನ್ನು ಟೈಪ್ ಮಾಡಿ ಕಳಿಸಿದರೆ ನಡುವೆ ಒಂದೆರಡು ಬಿಟ್ಟುಹೋಗುವ ಅಪಾಯವಿದೆ, ಟೂಲ್‌ಗೆ ಅದು ತಿಳಿಯುವುದೇ ಇಲ್ಲ. ಇದಕ್ಕೆ ಆಧಾರ ಮತ್ತು ಘಾತವನ್ನು ಬೇರೆ ಬೇರೆ ತೆಗೆದುಕೊಳ್ಳುವ ಮೂರನೇ ಟೂಲ್ ಮಾಡಬೇಕಾಯಿತು.

ಪರೀಕ್ಷೆಗೆ ಇಪ್ಪತ್ತು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಅರ್ಧ ಪ್ರಶ್ನೆಗಳು ಟೂಲ್ ಕರೆಯಲೇಬಾರದಂಥವು. ವಿವರಣೆಯಲ್ಲಿ ಒಂದು ಸಾಲು ಬದಲಾದರೂ ಇಪ್ಪತ್ತನ್ನೂ ಮತ್ತೆ ಓಡಿಸಬೇಕು, ಎರಡು ಸಾಲು ಒಟ್ಟಿಗೆ ಬದಲಿಸಬಾರದು, ಬದಲಿಸಿದರೆ ಯಾವುದರಿಂದ ಕೆಟ್ಟಿತೆಂದು ಗೊತ್ತಾಗುವುದಿಲ್ಲ.