ಸಹಾಯ ಪಠ್ಯ ತಿದ್ದುವ ಮೊದಲು ಮೆನು ನೋಡಿ

ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದ ಕನ್ನಡ ಸಹಾಯ ಪಠ್ಯ ತಿದ್ದಲು ಬರುವ ಹೊಸಬರು ಮೊದಲು ಭಾಷೆ ಚೆಂದ ಮಾಡಲು ಹೊರಡುತ್ತಾರೆ. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಸಹಾಯ ಪುಟ ತೆರೆದವರು ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತಾರೆ. ಅಲ್ಲಿ ಓದಿದ ಪದ ತೆರೆಯ ಮೇಲೆ ಹಾಗೇ ಸಿಗಬೇಕು, ಅಷ್ಟೇ ಅವರಿಗೆ ಬೇಕಿರುವುದು.

ಕೆಲಸ ನಡೆಯುವುದು ಲಿಬ್ರೆಆಫೀಸನ್ನು ನೋಡಿಕೊಳ್ಳುವ ಡಾಕ್ಯುಮೆಂಟ್ ಫೌಂಡೇಶನ್‌ನ ವೆಬ್ಲೇಟ್ ಎಂಬ ಅನುವಾದ ತಾಣದಲ್ಲಿ. ಮೊದಲು ಅಲ್ಲಿ ಖಾತೆ ತೆರೆಯಿರಿ. ಮೆನು, ಬಟನ್‌ಗಳ ಪಠ್ಯ ಒಂದು ಪ್ರಾಜೆಕ್ಟ್, ಸಹಾಯ ಪಠ್ಯ ಇನ್ನೊಂದು. ನಾನು ಎರಡನ್ನೂ ಅಕ್ಕಪಕ್ಕದ ಟ್ಯಾಬ್‌ಗಳಲ್ಲಿ ಇಟ್ಟುಕೊಳ್ಳುತ್ತೇನೆ. ಸಹಾಯದಲ್ಲಿ ಮೆನು ಹೆಸರು ಬಂದ ಕೂಡಲೇ ಇತ್ತ ಹುಡುಕಿ ನೋಡುತ್ತೇನೆ. ಮೆನುವಿನ ಪದವೇ ಸರಿಯಿಲ್ಲ ಅನ್ನಿಸಿದರೆ ಮೊದಲು ಮೆನು, ಆಮೇಲೆ ಪದಕೋಶ (ಯಾವ ಪದಕ್ಕೆ ಯಾವ ಅನುವಾದ ಎಂಬ ಪಟ್ಟಿ), ಕೊನೆಗೆ ಸಹಾಯ. ಈ ಸರದಿ ತಪ್ಪಿಸಬೇಡಿ. ಮೆನುವಿನಲ್ಲಿ ~ ಚಿಹ್ನೆ ಜೊತೆ ಇಂಗ್ಲಿಷ್ ಅಕ್ಷರ ಕಂಡರೆ ಅದು ಶಾರ್ಟ್‌ಕಟ್ ಗುರುತು. ಅದನ್ನು ಸಹಾಯಕ್ಕೆ ನಕಲಿಸಬೇಡಿ.

ಪದಕೋಶದಲ್ಲಿ ಸುಮ್ನೆ ಸಮಾನಪದ ತುಂಬಿದರೆ ಉಪಯೋಗ ಕಡಿಮೆ. ಫೋಲ್ಡರನ್ನು ‘ಕಡತಕೋಶ’ ಅನ್ನುತ್ತೇವೆ, ಅವಸರದಲ್ಲಿ ‘ಕೋಶ’ ಅಂತ ಮೊಟಕು ಮಾಡುತ್ತೇವೆ. ಲೆಕ್ಕದ ಹಾಳೆ ಮಾಡುವ ಕ್ಯಾಲ್ಕ್‌ನ ಸೆಲ್ಲಿಗೂ, ಅಂದರೆ ಹಾಳೆಯ ಒಂದೊಂದು ಚೌಕಕ್ಕೂ, ‘ಕೋಶ’ ಅಂದರೆ ‘ಕೋಶವನ್ನು ಆರಿಸಿ’ ಎಂಬ ವಾಕ್ಯ ಯಾವುದರ ಮಾತು? ನನ್ನ ಮತ ‘ಸೆಲ್’ ಕಡೆಗೆ. ನೀವು ಬೇರೆ ಹೇಳಬಹುದು, ಆದರೆ ಏನೇ ಆರಿಸಿದರೂ ಕಾರಣವನ್ನು ವಿವರಣೆಯ ಜಾಗದಲ್ಲಿ ಒಂದು ಸಾಲು ಬರೆಯಿರಿ. ಬಳಸಬಾರದ ಅನುವಾದಕ್ಕೆ ನಿಷಿದ್ಧ ಎಂಬ ಗುರುತು ಹಾಕಲೂ ವೆಬ್ಲೇಟ್‌ನಲ್ಲಿ ಅವಕಾಶವಿದೆ. ಮುಂದೆ ಬರುವವರು ಅದೇ ಜಗಳ ಮತ್ತೆ ಆಡುವುದು ತಪ್ಪುತ್ತದೆ.

ನಮಗೆ ಜಾಸ್ತಿ ಕಾಟ ಕೊಡುವುದು ವಿಭಕ್ತಿ. ಶೇಕಡಾ ಚಿಹ್ನೆಯಿಂದ ಶುರುವಾಗುವ ‘ಪ್ರಾಡಕ್ಟ್‌ನೇಮ್’ ಎಂಬ ತುಣುಕಿನ ಜಾಗದಲ್ಲಿ ಆಮೇಲೆ ತಂತ್ರಾಂಶದ ಹೆಸರು, ಅದೂ ಇಂಗ್ಲಿಷ್ ಲಿಪಿಯಲ್ಲಿ, ಬಂದು ಕೂರುತ್ತದೆ. ಅದಕ್ಕೆ ‘ನಲ್ಲಿ’ ಅಂಟಿಸಿದರೆ ಅಸಹ್ಯವಾಗಿ ಕಾಣುತ್ತದೆ. ಹೆಸರಾದ ಮೇಲೆ ‘ತಂತ್ರಾಂಶದಲ್ಲಿ’ ಅಂತ ಸೇರಿಸಿ, ವಿಭಕ್ತಿ ಅದರ ಮೇಲೆ ಬೀಳಲಿ. ಮೆನು ಹೆಸರಿಗೂ ಇದೇ ಉಪಾಯ: ‘ಸೇರಿಸುವಿನಲ್ಲಿ’ ಅಲ್ಲ, ‘ಸೇರಿಸು ಮೆನುವಿನಲ್ಲಿ’. ಆಗ ಹೆಸರು ತೆರೆಯ ಮೇಲಿರುವಂತೆಯೇ ಉಳಿಯುತ್ತದೆ, ಹುಡುಕಿದರೆ ಸಿಗುತ್ತದೆ.

ಕೋನಾವರಣದ, ಅಂದರೆ < > ಒಳಗಿನ, ಟ್ಯಾಗ್‌ಗಳನ್ನು ಮುಟ್ಟಬೇಡಿ, ವಾಕ್ಯಕ್ಕೆ ಬೇಕಾದಂತೆ ಜಾಗ ಬದಲಿಸಬಹುದು ಅಷ್ಟೇ. ಒಂದೇ ಸಾಲಿನಲ್ಲಿ ಕಮಾಂಡ್ ಮತ್ತು ಕಂಟ್ರೋಲ್ ಎರಡೂ ಕಂಡರೆ ಗಾಬರಿ ಬೇಡ. ಒಂದು ಮ್ಯಾಕ್ ಬಳಸುವವರಿಗೆ, ಇನ್ನೊಂದು ಉಳಿದವರಿಗೆ. ಎರಡನ್ನೂ ಉಳಿಸಿ.

ಪರೀಕ್ಷೆಗೆ ನನ್ನ ಅತ್ತಿಗೆ ಇದ್ದಾರೆ. ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಾರೆ. ಅವರ ಮುಂದೆ ಕನ್ನಡ ಮೆನುವಿರುವ ಕ್ಯಾಲ್ಕ್ ತೆರೆದಿಟ್ಟು, ತಿದ್ದಿದ ಹಂತಗಳನ್ನು ಗಟ್ಟಿಯಾಗಿ ಓದುತ್ತೇನೆ. ಬೆರಳು ತೋರಿಸುವುದಿಲ್ಲ. “ಎಲ್ಲಿದೆ ಅದು?” ಅಂತ ಕೇಳಿದರೆ ಆ ಸಾಲಿಗೆ ಗುರುತು ಹಾಕುತ್ತೇನೆ.

ಮೊದಲೇ ಬೇರೆಯವರು ಅನುವಾದಿಸಿದ ಸಾಲಾದರೆ ನೇರ ಉಳಿಸದೆ ಸಲಹೆಯಾಗಿ ಹಾಕಿ, ಕಾರಣ ಬರೆಯಿರಿ. ಮುಖ್ಯ ಆವೃತ್ತಿಗಳು ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಬರುತ್ತವೆ. ಪದಕೋಶದ ದೊಡ್ಡ ಬದಲಾವಣೆಗಳನ್ನು ಆ ತಿಂಗಳುಗಳಿಗೆ ತೀರಾ ಹತ್ತಿರ ಇಟ್ಟುಕೊಳ್ಳಬೇಡಿ. ಮೆನು ಹೊಸದಾಗಿ, ಸಹಾಯ ಹಳೆಯದಾಗಿ ಬಿಡುಗಡೆಯಾಗಿಬಿಡುತ್ತದೆ.