ಮುಖ್ಯ ವಿಚಾರಣೆಯಲ್ಲೇ ವ್ಯತ್ಯಾಸ ಹೇಳಿಸಿ: ನನ್ನ ಅನುಭವ

ನೊಂದ ಹೆಣ್ಣಿನ ಮಾತು ದೂರಿನಲ್ಲಿ ಒಂದು, ಮ್ಯಾಜಿಸ್ಟ್ರೇಟರ ಮುಂದೆ ಇನ್ನೊಂದು, ಡಾಕ್ಟರ ಹತ್ತಿರ ಮತ್ತೊಂದು. ಅತ್ಯಾಚಾರದ ಕೇಸುಗಳು ಬಿದ್ದುಹೋಗೋದು ಬಹಳಷ್ಟು ಸಲ ಇಲ್ಲೇ. ಈ ವ್ಯತ್ಯಾಸವನ್ನು ಮುಖ್ಯ ವಿಚಾರಣೆಯಲ್ಲೇ, ಅಂದರೆ ನಮ್ಮ ಕಡೆಯವರು ಸಾಕ್ಷಿಯನ್ನು ಮೊದಲು ಪ್ರಶ್ನಿಸುವಾಗಲೇ, ಕೇಳಿಸೋಣ ಅಂದಾಗ ಮಂಡ್ಯದ ಸೀನಿಯರ್‌ಗಳು ನಕ್ಕರು: "ಎದುರಾಳಿ ಕೈಗೆ ನೀನೇ ಮಚ್ಚು ಕೊಡ್ತೀಯಲ್ಲಯ್ಯ." ಈಗ ಅವರ ಜೂನಿಯರ್‌ಗಳೇ ನನ್ನ ಚಾರ್ಟ್ ಕೇಳಿಕೊಂಡು ಬರ್ತಾರೆ.

ನೊಂದವರ ವಕೀಲರು ಪಿಪಿಯವರಿಗೆ (ಸರ್ಕಾರಿ ವಕೀಲರಿಗೆ) ನೆರವಾಗಬಹುದಷ್ಟೆ. ಹಾಗಾಗಿ ಒಂದು ಎ-3 ಹಾಳೆ, ನಾಲ್ಕು ಕಾಲಂ: ದೂರು, ನಾಗರಿಕ ಸುರಕ್ಷಾ ಸಂಹಿತೆಯ 180ರಡಿ ಪೊಲೀಸರಿಗೆ ಕೊಟ್ಟ ಹೇಳಿಕೆ, 183ರಡಿ ಮ್ಯಾಜಿಸ್ಟ್ರೇಟರಿಗೆ ಕೊಟ್ಟ ಹೇಳಿಕೆ, ಡಾಕ್ಟರು ಬರೆದ ಹಿಸ್ಟರಿ (ಘಟನೆಯ ವಿವರ). ಬಿಟ್ಟುಹೋದದ್ದಕ್ಕೆ ಹಳದಿ, ತದ್ವಿರುದ್ಧಕ್ಕೆ ಕೆಂಪು. ಕೆಂಪು ಎರಡೋ ಮೂರೋ ಸಿಗುತ್ತೆ, ಹಳದಿ ರಾಶಿ. ಪಾಟಿ ಸವಾಲಿನಲ್ಲಿ ಎದುರು ವಕೀಲರು ಹಳದಿಯನ್ನೇ ಕೆಂಪು ಅಂತ ತೋರಿಸ್ತಾರೆ. ದೂರು ಮತ್ತು 183ರದ್ದು ನಿಶಾನೆ ಆದಮೇಲೆ (ಸಾಕ್ಷ್ಯವಾಗಿ ಗುರುತು ಹಾಕಿದಮೇಲೆ) "ಇದು ಯಾಕೆ ಬರೆಸಲಿಲ್ಲ?" ಅಂತ ನೇರ ಕೇಳಿಸಿ. 180ಕ್ಕೆ ಮಾತ್ರ ಕೈಹಾಕಬೇಡಿ, ಪೊಲೀಸರ ಮುಂದಿನ ಹೇಳಿಕೆ ಬಳಸೋದಕ್ಕೆ ಮಿತಿ ಹಾಕೋ 181 ಅಡ್ಡ ಬರುತ್ತೆ. ಉತ್ತರ ಕಲಿಸಿಕೊಟ್ಟರೆ ಗಿಳಿಪಾಠ ಆಗಿ ಜಡ್ಜಿಗೆ ಅನುಮಾನ ಬರುತ್ತೆ. ಹಿಸ್ಟರಿ ಹೇಳಿದ್ದು ಎಷ್ಟೋ ಸಲ ಅತ್ತೆಯೋ ಮಹಿಳಾ ಪೇದೆಯೋ. ಅದನ್ನು ಡಾಕ್ಟರ ಬಾಯಲ್ಲೇ ಹೇಳಿಸಬೇಕು. ಕೆಂಪು ಸಾಲುಗಳನ್ನು ಯಾವ ಕ್ರಮದಲ್ಲಿ ಕೇಳಿಸ್ತೀನಿ ಅನ್ನೋದನ್ನು ಬರೆಯಲ್ಲ, ಎದುರು ಪಾರ್ಟಿಯವರೂ ಓದ್ತಾರೆ.

ಒಪ್ಪಿಗೆ ವಿಷಯ. ಆಲೆಮನೆ ಯಜಮಾನ, ಕೂಲಿ ಹೆಣ್ಣುಮಗಳು ಅಂಥ ಕೇಸಲ್ಲಿ ದೋಷಾರೋಪಣೆ ಹೊತ್ತಿಗೇ ನ್ಯಾಯ ಸಂಹಿತೆಯ 64(2) (ತನ್ನ ಹಿಡಿತದಲ್ಲಿರೋ ಹೆಣ್ಣಿನ ಮೇಲಿನ ಅತ್ಯಾಚಾರದಂಥ ಗಂಭೀರ ಬಗೆ) ಸೇರಿಸಿ. ಸಾಕ್ಷ್ಯ ಅಧಿನಿಯಮದ 120ರ ಪೂರ್ವಭಾವನೆ (ಒಪ್ಪಿಗೆ ಇರಲಿಲ್ಲ ಅಂತ ಕೋರ್ಟೇ ಭಾವಿಸೋದು) ಸಿಗೋದು ಅದಕ್ಕೆ ಮಾತ್ರ. ಬರೀ 64(1)ರ ಸಾಮಾನ್ಯ ಅತ್ಯಾಚಾರಕ್ಕೆ ಇಲ್ಲ. ಅದೂ ಸಂಭೋಗ ಸಾಬೀತಾಗಿ, ಆಕೆ ಕಟಕಟೆಯಲ್ಲಿ ನಿಂತು "ನಾನು ಒಪ್ಪಿರಲಿಲ್ಲ" ಅಂದಿರಬೇಕು. ಆ ಮಾತು ಟೈಪ್ ಆಯ್ತಾ ಅಂತ ಸಹಿಗೆ ಮುಂಚೆ ನೋಡಿ. ಕೂಗಲಿಲ್ಲ, ಗಾಯ ಇಲ್ಲ ಅನ್ನೋ ವಾದಕ್ಕೆ ಪ್ರತಿರೋಧಿಸದ ಮಾತ್ರಕ್ಕೆ ಒಪ್ಪಿಗೆ ಅಲ್ಲ ಅನ್ನೋ ನ್ಯಾಯ ಸಂಹಿತೆಯ 63ರ ಎರಡನೇ ವಿವರಣೆ ಸಾಕು. ಹಿಂದಿನ ಸಂಬಂಧ ಕೆದಕಿದರೆ ಅಂಥ ಪ್ರಶ್ನೆ ಕೇಳಬಾರದು ಅನ್ನೋ ಸಾಕ್ಷ್ಯ ಅಧಿನಿಯಮದ 149ರ ಪರಂತುಕ (ಷರತ್ತು) ಹಿಡಿದು ತಕ್ಷಣ ಎದ್ದು ನಿಲ್ಲಿ. ಪ್ರಶ್ನೆ ಮುಗಿದಮೇಲೆ ಎದ್ದರೆ ಉಪಯೋಗವಿಲ್ಲ.

ಖರ್ಚು? ನಕಲು, ಪ್ರಿಂಟು ಸೇರಿ ಆರೇಳುನೂರು. ನಿಜವಾದ ಹೊಡೆತ ವಾಯಿದೆಯದ್ದು: ಆಕೆಯ ಕೂಲಿ, ಜೊತೆಗೆ ಬಂದವರ ಕೂಲಿ, ಬಸ್ಸು ಅಂತ ಸುಮಾರು ಸಾವಿರ ಹೋಗುತ್ತೆ.

ಇನ್ನೊಂದು ಪ್ರಯೋಗವೂ ಫಲ ಕೊಟ್ಟಿದೆ. ಘಟನೆ ಕಬ್ಬಿನ ಗದ್ದೆಯದು. ಇಂಜಿನಿಯರು ನಕ್ಷೆ ಬರೆಯೋ ಹೊತ್ತಿಗೆ ಕಟಾವಾಗಿ ಬಟಾಬಯಲು. "ರಸ್ತೆಯಿಂದ ಎಲ್ಲರಿಗೂ ಕಾಣುತ್ತೆ" ಅಂತ ಡಿಫೆನ್ಸ್ ಹಿಡಿಯೋದು ಅಲ್ಲೇ. ಪಹಣಿಯ ಬೆಳೆ ಕಾಲಂ ಜೊತೆ ಕಾರ್ಖಾನೆಯ ತೂಕದ ಚೀಟಿ ತರಿಸಿ. ಚೀಟಿಯ ತಾರೀಖು ಘಟನೆಗಿಂತ ಈಚಿನದಾದರೆ, ಆವತ್ತು ಆಳೆತ್ತರದ ಕಬ್ಬು ನಿಂತಿತ್ತು ಅಂತ ಗದ್ದೆ ಮಾಲೀಕನಿಂದಲೇ ಹೇಳಿಸಬಹುದು.