ಶಾಲೆಯ ವಾರ್ಷಿಕ ಸಂಚಿಕೆ: ವರ್ಷದ ದಿನಚರಿ, ಹಳೆಯ ಹುಡುಗರ ಸುದ್ದಿ ಕೂಡಿಸುವ ಬಗೆ

ಬಾಲಕರ ಪ್ರೌಢಶಾಲೆಗಳಲ್ಲಿ ವಾರ್ಷಿಕ ಸಂಚಿಕೆಯ ಕೆಲಸ ಸಾಮಾನ್ಯವಾಗಿ ಡಿಸೆಂಬರಿನಲ್ಲಿ, ವಾರ್ಷಿಕೋತ್ಸವದ ತಾರೀಕು ಗೊತ್ತಾದ ಮೇಲೆ ಶುರುವಾಗುತ್ತದೆ. ಕನ್ನಡ ಮೇಷ್ಟ್ರನ್ನು ಸಂಪಾದಕರೆಂದು ಹೆಸರಿಸಿ ಉಳಿದವರು ಕೈತೊಳೆದುಕೊಳ್ಳುತ್ತಾರೆ. ಆಗಸ್ಟಿನ ಹೋಬಳಿ ಕಬಡ್ಡಿಯಲ್ಲಿ ಆಡಿದ ಹುಡುಗರು ಯಾರು ಎಂದು ಆ ಹೊತ್ತಿಗೆ ಕೇಳಿದರೆ ಪಿ.ಇ. ಮೇಷ್ಟ್ರಿಗೂ ಪೂರ್ತಿ ನೆನಪಿರುವುದಿಲ್ಲ. ಹಾಗಾಗಿ ವರದಿ "ನಮ್ಮ ತಂಡ ಉತ್ತಮ ಸಾಧನೆ ಮಾಡಿತು" ಎಂಬಲ್ಲಿಗೆ ನಿಲ್ಲುತ್ತದೆ. ಇಪ್ಪತ್ತೈದು ವರ್ಷದ ಮೇಲೆ ಸಂಚಿಕೆ ತಿರುವಿ ಹಾಕುವವನು ಹುಡುಕುವುದು ತನ್ನ ಹೆಸರನ್ನು. ಆ ಹೆಸರೇ ಬಿಟ್ಟುಹೋದರೆ ಉಳಿದದ್ದಕ್ಕೆ ಬೆಲೆ ಕಡಿಮೆ. ಇಡೀ ಕೆಲಸವನ್ನು ಹೆಸರು, ತಾರೀಕುಗಳ ಸುತ್ತಲೇ ಕಟ್ಟಿಕೊಳ್ಳಬೇಕು, ಅದೂ ಜೂನ್ ತಿಂಗಳಿಂದ.

ದಿನಚರಿ ಪುಸ್ತಕ

200 ಪುಟದ ಒಂದು ಉದ್ದ ನೋಟ್‌ಬುಕ್ ಸಾಕು. ಅದು ಸಂಪಾದಕರ ಬೀರುವಿನಲ್ಲಿರಬಾರದು. ಸ್ಟಾಫ್ ರೂಮಿನಲ್ಲಿ, ಹಾಜರಿ ಪುಸ್ತಕದ ಪಕ್ಕ ಇರಲಿ. ಪ್ರತಿ ಕಾರ್ಯಕ್ರಮಕ್ಕೆ ಆರು ಅಂಕಣ: ತಾರೀಕು, ಕಾರ್ಯಕ್ರಮ, ಯಾವ ಹಂತ, ಭಾಗವಹಿಸಿದ ಹುಡುಗರ ಹೆಸರು ಮತ್ತು ತರಗತಿ, ಬಂದ ಅತಿಥಿಯ ಪೂರ್ತಿ ಹೆಸರು ಹಾಗೂ ಹುದ್ದೆ, ಫೋಟೊದ ಸಂಖ್ಯೆ. ಕಾರ್ಯಕ್ರಮ ನಡೆಸಿದ ಶಿಕ್ಷಕರೇ ಅಂದು ಸಂಜೆಯೊಳಗೆ ಬರೆದು ಸಹಿ ಹಾಕಬೇಕು. ನಾಳೆಗೆ ಬಿಟ್ಟದ್ದು ಆಮೇಲೆ ಬರೆಯುವುದೇ ಇಲ್ಲ.

ಜೂನ್ 5ರ ಪರಿಸರ ದಿನ, 21ರ ಯೋಗ ದಿನ, ಆಗಸ್ಟ್ 15, ಸೆಪ್ಟೆಂಬರ್ 5, ನವೆಂಬರ್ 1 ಇವು ಪ್ರತಿ ಶಾಲೆಯಲ್ಲೂ ಪ್ರತಿ ವರ್ಷವೂ ನಡೆಯುತ್ತವೆ. ಇವುಗಳಿಗೆ ಎರಡೆರಡು ಸಾಲು ಸಾಕು. "ಮಾನ್ಯ ಮುಖ್ಯೋಪಾಧ್ಯಾಯರು ದೀಪ ಬೆಳಗಿಸಿ ಉದ್ಘಾಟಿಸಿದರು" ಎಂದು ಹನ್ನೆರಡು ಸಲ ಓದುವ ಶಿಕ್ಷೆಯನ್ನು ಯಾರಿಗೂ ಕೊಡಬೇಡಿ. ಆ ವರ್ಷ ಮಾತ್ರ ನಡೆದದ್ದಕ್ಕೆ ಜಾಗ ಉಳಿಸಿ: ಹೊಸ ಪ್ರಯೋಗಾಲಯ, ಮಳೆಗೆ ಬಿದ್ದ ಕಾಂಪೌಂಡು, ಪ್ರವಾಸ ಹೋದ ಊರು, ನಿವೃತ್ತರಾದ ಗುಮಾಸ್ತರು.

ಅಂಕಣಗಳಲ್ಲಿ ಹೆಚ್ಚು ಎಡವಟ್ಟಾಗುವುದು ಹಂತದ್ದು. ಪ್ರತಿಭಾ ಕಾರಂಜಿ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೇಲೇರುತ್ತದೆ. ಕ್ರೀಡಾಕೂಟಕ್ಕೆ ಹೋಬಳಿ ಮತ್ತು ವಿಭಾಗ ಮಟ್ಟಗಳೂ ಇವೆ. ಬರೀ "ಭಾವಗೀತೆ: ಪ್ರಥಮ" ಎಂದು ಬರೆದರೆ ಯಾವ ಹಂತದ ಪ್ರಥಮ? ಒಬ್ಬನೇ ಹುಡುಗ ಮೂರು ಹಂತ ದಾಟಿದ್ದರೆ ಮೂರನ್ನೂ ಮೂರು ತಾರೀಕಿನಲ್ಲಿ ಬರೆದಿಟ್ಟುಕೊಳ್ಳಿ. ಸಂಚಿಕೆಯಲ್ಲಿ ಕೊನೆಯ ಹಂತ ಮಾತ್ರ ಬರಲಿ.

ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಇನ್ನೊಂದು ತೊಡಕಿದೆ. ಜನವರಿಯಲ್ಲಿ ಹೊರಬರುವ ಸಂಚಿಕೆಯಲ್ಲಿ ಅಚ್ಚಾಗುವುದು ಹಿಂದಿನ ವರ್ಷದ ಹತ್ತನೆಯವರ ಫಲಿತಾಂಶ. ಶಿರೋನಾಮೆಯಲ್ಲೇ ಪರೀಕ್ಷೆಯ ತಿಂಗಳು, ವರ್ಷ ಹಾಕಿ. ಈಗ ಪರೀಕ್ಷೆ-1, ಪರೀಕ್ಷೆ-2 ಎಂದು ಒಂದಕ್ಕಿಂತ ಹೆಚ್ಚು ಅವಕಾಶ ಇರುವುದರಿಂದ ಪರೀಕ್ಷೆ-1ರಲ್ಲಿ ಎಷ್ಟು ಜನ, ಉಳಿದವುಗಳಲ್ಲಿ ಎಷ್ಟು ಜನ ಪಾಸಾದರು ಎಂಬುದನ್ನು ಬೇರೆ ಬೇರೆ ಸಾಲಿನಲ್ಲಿ ಕೊಡಿ. ಕೂಡಿಸಿ ಒಂದೇ ಶೇಕಡಾವಾರು ಹಾಕಿದರೆ ಕಚೇರಿಯ ದಾಖಲೆಗೂ ಸಂಚಿಕೆಗೂ ತಾಳೆಯಾಗುವುದಿಲ್ಲ. ಅಂಕವನ್ನು ಒಟ್ಟು ಇಷ್ಟಕ್ಕೆ ಇಷ್ಟು ಎಂದೇ ಬರೆಯಿರಿ.

ಫೋಟೊ

ತಂಡದ ಫೋಟೊ ತೆಗೆದ ಕೂಡಲೇ ಹುಡುಗರನ್ನು ಚದುರಲು ಬಿಡಬೇಡಿ. ನಿಂತಲ್ಲೇ ನಿಲ್ಲಿಸಿ, ಒಬ್ಬರು ಹಾಳೆ ಹಿಡಿದು ಕುಳಿತವರ ಸಾಲಿನಿಂದ ಶುರುಮಾಡಿ ಎಡದಿಂದ ಬಲಕ್ಕೆ ಹೆಸರು ಬರೆದುಕೊಂಡು ಹೋಗಲಿ. ಎಡ ಎಂದರೆ ಫೋಟೊ ನೋಡುವವನ ಎಡ. ಹುಡುಗರ ಎದುರು ನಿಂತೇ ಬರೆಯಬೇಕು, ಬೆನ್ನ ಹಿಂದೆ ಹೋಗಿ ಬರೆದರೆ ಇಡೀ ಸಾಲು ತಿರುಗಾಮುರುಗಾ ಆಗುತ್ತದೆ. ನಲವತ್ತು ಹುಡುಗರಿಗೆ ಐದು ನಿಮಿಷ ಹಿಡಿಯುತ್ತದೆ. ಡಿಸೆಂಬರಿನಲ್ಲಿ ಇದೇ ಕೆಲಸಕ್ಕೆ ಎರಡು ದಿನ ಬೇಕು, ಆಗಲೂ ಮೂರು ಮುಖ ಗುರುತು ಹತ್ತುವುದಿಲ್ಲ.

ಒಂದು ಸಾಲಿಗೆ ಹನ್ನೆರಡಕ್ಕಿಂತ ಹೆಚ್ಚು ಜನ ಬೇಡ. ಕ್ರೌನ್ 1/4 (ಸುಮಾರು 18 x 24 ಸೆಂಟಿಮೀಟರ್) ಪುಟದಲ್ಲಿ ಚಿತ್ರಕ್ಕೆ ಸಿಗುವ ಅಗಲ ಸುಮಾರು 14.5 ಸೆಂಟಿಮೀಟರ್. ಹನ್ನೆರಡು ಜನ ನಿಂತರೆ ಒಬ್ಬೊಬ್ಬನಿಗೆ 12 ಮಿಲಿಮೀಟರ್ ಬರುತ್ತದೆ. ಇಪ್ಪತ್ತು ಜನ ನಿಂತರೆ ಬರುವುದು 7 ಮಾತ್ರ, ಅದರಲ್ಲಿ ಭುಜ ಕಳೆದರೆ ಮುಖ ಮೆಂತ್ಯದ ಕಾಳಿನಷ್ಟು.

ಅಚ್ಚಿಗೆ 300 ಡಿಪಿಐ, ಎಂದರೆ ಅಂಗುಲಕ್ಕೆ 300 ಚುಕ್ಕೆ ಬೇಕು. ಅಂದರೆ 14.5 ಸೆಂಟಿಮೀಟರ್ ಅಗಲಕ್ಕೆ ಸುಮಾರು 1,700 ಪಿಕ್ಸೆಲ್. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದ ಫೋಟೊ ಕುಗ್ಗುತ್ತದೆ, ಫೈಲನ್ನು ಒತ್ತಿ ಚಿಕ್ಕದು ಮಾಡುವುದರಿಂದ ಮುಖದ ವಿವರವೂ ಕಲಸಿಹೋಗುತ್ತದೆ. ಮೊಬೈಲ್ ಪರದೆಯಲ್ಲಿ ಚೆನ್ನಾಗಿಯೇ ಕಾಣುವುದರಿಂದ ಮೋಸ ಗೊತ್ತಾಗುವುದು ಅಚ್ಚಾದ ಮೇಲೆ. 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ತರಿಸಿ. ಫೈಲಿಗೆ 20250815-01 ಎಂಬಂತೆ ತಾರೀಕನ್ನೇ ಹೆಸರಾಗಿಡಿ. ಆಗ ಅವು ತಾವಾಗಿಯೇ ವರ್ಷದ ಕ್ರಮದಲ್ಲಿ ಕೂರುತ್ತವೆ. ಅದೇ ಸಂಖ್ಯೆ ದಿನಚರಿಯ ಆರನೇ ಅಂಕಣಕ್ಕೂ ಹೋಗಲಿ.

ಸಂಚಿಕೆಯ ಪಿಡಿಎಫ್ ಅಂತರ್ಜಾಲಕ್ಕೆ ಹಾಕುವುದಾದರೆ ಪೋಷಕರ ಒಪ್ಪಿಗೆ ಪತ್ರವನ್ನು ಜೂನಿನಲ್ಲೇ, ದಾಖಲಾತಿಯ ಅರ್ಜಿಯ ಜೊತೆ ತೆಗೆದುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ.

ಹಳೆಯ ವಿದ್ಯಾರ್ಥಿಗಳ ಪುಟಗಳು

ಹೆಚ್ಚು ಓದುವ ಪುಟಗಳೂ ಇವೇ, ಹೆಚ್ಚು ತಪ್ಪು ನುಸುಳುವುದೂ ಇಲ್ಲೇ. ಮೊದಲು 'ತಂಡ' (ಬ್ಯಾಚ್) ಎಂದರೇನು ಎಂದು ತೀರ್ಮಾನಿಸಿ. ಒಬ್ಬ ತಾನು ಸೇರಿದ ವರ್ಷ ಹೇಳುತ್ತಾನೆ, ಇನ್ನೊಬ್ಬ ಬಿಟ್ಟ ವರ್ಷ ಹೇಳುತ್ತಾನೆ, ಮತ್ತೊಬ್ಬ 1994-95 ಎನ್ನುತ್ತಾನೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮೊದಲ ಸಲ ಕೂತ ವರ್ಷವನ್ನೇ ತಂಡದ ವರ್ಷ ಎಂದು ಇಟ್ಟುಕೊಂಡರೆ ಗೊಂದಲ ಕಡಿಮೆ. 1995ರ ಮಾರ್ಚಿನಲ್ಲಿ ಬರೆದವರು, ಪಾಸಾಗಲಿ ಫೇಲಾಗಲಿ, 1995ರ ತಂಡ. ಎಂಟನೇ ತರಗತಿಯಲ್ಲೇ ಟಿ.ಸಿ. ತೆಗೆದುಕೊಂಡು ಹೋದವನೂ ಹಳೆಯ ವಿದ್ಯಾರ್ಥಿಯೇ. ಅವನ ಜೊತೆಯವರು ಪರೀಕ್ಷೆ ಬರೆದ ವರ್ಷಕ್ಕೆ ಅವನನ್ನು ಸೇರಿಸಿ.

ಹೆಸರನ್ನು ಶಾಲೆಯ ದಾಖಲಾತಿ ರಿಜಿಸ್ಟರಿನ ಜೊತೆ ಹೋಲಿಸಿ ನೋಡಲೇಬೇಕು. ಒಂದೇ ತಂಡದಲ್ಲಿ ಮೂವರು ಮಂಜುನಾಥರಿರುವುದು ಸಾಮಾನ್ಯ. ಹಳೇ ಮೈಸೂರಿನ ಕಡೆ ಇನಿಷಿಯಲ್ ಮುಂದೆ ಬರುತ್ತದೆ, ಧಾರವಾಡ, ಬೆಳಗಾವಿಯ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ದಾಖಲೆಯಲ್ಲಿದ್ದ ಹೆಸರನ್ನು ಮೊದಲು ಹಾಕಿ, ಈಗ ಬಳಸುವ ಹೆಸರು ಬೇರೆಯಿದ್ದರೆ ಪಕ್ಕದಲ್ಲಿ ಕೊಡಿ. ಪಟ್ಟಿ ಮಾಡುವಾಗ ಮೊದಲು ತಂಡ, ಆಮೇಲೆ ಹೆಸರಿನ ಅಕಾರಾದಿ. ಇನಿಷಿಯಲ್ ಹಿಡಿದು ಜೋಡಿಸಿದರೆ ಯಾರಿಗೂ ಯಾರೂ ಸಿಗುವುದಿಲ್ಲ.

ಸುದ್ದಿ ಕೇಳುವ ಫಾರ್ಮ್ ಸೆಪ್ಟೆಂಬರಿನಲ್ಲಿ ಹೋಗಲಿ, ನವೆಂಬರ್ 15 ಕೊನೆಯ ದಿನವಾಗಿರಲಿ. ಪ್ರತಿ ತಂಡಕ್ಕೂ ಒಬ್ಬ ಮುಂದಾಳು ಇದ್ದೇ ಇರುತ್ತಾನೆ, ಗುರುವಂದನೆಗೆ ಚಂದಾ ಎತ್ತಿದವನೇ ಅವನು. ಅವನ ಮೂಲಕ ಕಳಿಸಿದರೆ ಉತ್ತರ ಬರುತ್ತದೆ, ಶಾಲೆಯಿಂದ ನೇರ ಕಳಿಸಿದ್ದು ಗುಂಪಿನ ಶುಭೋದಯಗಳ ಕೆಳಗೆ ಹೂತುಹೋಗುತ್ತದೆ. ಪ್ರಶ್ನೆಗಳು ಐದೇ ಇರಲಿ: ಹೆಸರು, ತಂಡ ಮತ್ತು ವಿಭಾಗ, ಈಗಿರುವ ಊರು ಮತ್ತು ಕೆಲಸ, ಕಳೆದ ಹನ್ನೆರಡು ತಿಂಗಳ ಒಂದು ಸುದ್ದಿ, ಇದರಲ್ಲಿ ಯಾವುದನ್ನು ಅಚ್ಚು ಹಾಕಬಹುದು. ಹನ್ನೆರಡು ತಿಂಗಳು ಎಂದು ಹೇಳದಿದ್ದರೆ ಇಡೀ ಜೀವನಚರಿತ್ರೆ ಬರುತ್ತದೆ. ಫೋನ್ ನಂಬರ್ ಅಚ್ಚು ಹಾಕಬೇಡಿ.

ಬಂದದ್ದನ್ನು ಹೀಗೆ ಇಳಿಸಿ. ಬಂದಿರುವುದು: "ನಮ್ಮ ಶಾಲೆಯ ಹೆಮ್ಮೆಯ ಪುತ್ರರೂ ಸರಳ ಸಜ್ಜನಿಕೆಯ ಸಾಕಾರಮೂರ್ತಿಯೂ ಆದ ಇವರು ಇತ್ತೀಚೆಗೆ ಉನ್ನತ ಹುದ್ದೆಗೇರಿ ಕೀರ್ತಿ ತಂದಿದ್ದಾರೆ." ಅಚ್ಚಾಗಬೇಕಾದದ್ದು: "1998, ಬಿ ವಿಭಾಗ. ಆಗಸ್ಟ್ 2025ರಿಂದ ಹಾವೇರಿಯಲ್ಲಿ ಕಾರ್ಯಪಾಲಕ ಎಂಜಿನಿಯರ್." ಆರೆಂಟು ಪದಗಳಲ್ಲಿ ಮುಗಿಯಿತು. ಗದ್ದೆ ಮಾಡುವವನಿಗೂ ಕಿರಾಣಿ ಅಂಗಡಿಯವನಿಗೂ ಅಷ್ಟೇ ಉದ್ದದ ಸಾಲು ಕೊಡಿ. ಬರೀ ಡಾಕ್ಟರು, ಎಂಜಿನಿಯರುಗಳೇ ತುಂಬಿದರೆ ಉಳಿದವರು ಮುಂದಿನ ವರ್ಷ ಫಾರ್ಮ್ ತುಂಬುವುದಿಲ್ಲ.

ಅಗಲಿದವರ ಸುದ್ದಿಗೆ ಮನೆಯವರೊಬ್ಬರ ಮಾತು ಬೇಕೇ ಬೇಕು, ಜೊತೆಗೆ ಸಹಪಾಠಿಯೊಬ್ಬರದು. ಗುಂಪಿನಲ್ಲಿ ಬಂದ 'ಓಂ ಶಾಂತಿ' ಸಂದೇಶ ಆಧಾರವಲ್ಲ. ಹೆಸರು ಒಂದೇ ಎಂಬ ಕಾರಣಕ್ಕೆ ಬದುಕಿರುವವನಿಗೆ ಶ್ರದ್ಧಾಂಜಲಿ ಅಚ್ಚಾದರೆ ಯಾವ ತಿದ್ದುಪಡಿಯೂ ಅದನ್ನು ಸರಿಮಾಡದು.

ಹೆಸರಾಂತರನ್ನು "ನಮ್ಮವರು" ಎನ್ನುವ ಮುನ್ನ ಶಾಲೆಯ ಹೆಸರನ್ನೇ ವಿಚಾರಿಸಿಕೊಳ್ಳಿ. ಬೆಂಗಳೂರಿನಲ್ಲಿ 1858ರ ಸೇಂಟ್ ಜೋಸೆಫ್ಸ್ ಬಾಲಕರ ಪ್ರೌಢಶಾಲೆ ಬೇರೆ, 1904ರ ಸೇಂಟ್ ಜೋಸೆಫ್ಸ್ ಇಂಡಿಯನ್ ಪ್ರೌಢಶಾಲೆ ಬೇರೆ. ರಾಹುಲ್ ದ್ರಾವಿಡ್ ಓದಿದ್ದು ಮೊದಲನೆಯದರಲ್ಲಿ. ಕುವೆಂಪು ಮೈಸೂರಿನಲ್ಲಿ ಓದಿದ ವೆಸ್ಲಿಯನ್ ಮಿಷನ್ ಹೈಸ್ಕೂಲೇ ಇಂದಿನ ಹಾರ್ಡ್ವಿಕ್. ಇಂಥ ಕಡೆ ಅಂದಿನ ಹೆಸರು, ಇಂದಿನ ಹೆಸರು ಎರಡನ್ನೂ ಬರೆಯಬೇಕು.

ದಾನಿಗಳ ಪಟ್ಟಿಯಲ್ಲಿ ರಸೀದಿ ಇರುವುದನ್ನಷ್ಟೇ ಸೇರಿಸಿ. ವಸ್ತು ಕೊಟ್ಟಿದ್ದರೆ ವಸ್ತುವನ್ನೇ ಬರೆಯಿರಿ: 12 ಡೆಸ್ಕು, ಒಂದು ನೀರಿನ ಫಿಲ್ಟರು.

ನುಡಿಯ ತೊಡಕು

ಬರಹ ಬರುವುದು ಮೊಬೈಲಿನಿಂದ, ಯೂನಿಕೋಡ್‌ನಲ್ಲಿ. ಊರಿನ ಡಿಟಿಪಿ (ಪುಟ ಜೋಡಿಸುವ) ಅಂಗಡಿಯಲ್ಲಿ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ ಇದ್ದರೆ ಅದಕ್ಕೆ ಯೂನಿಕೋಡ್ ಹಿಡಿಸದು, 'ನುಡಿ' ತಂತ್ರಾಂಶದ ಹಳೆಯ ಫಾಂಟಿಗೆ ಪರಿವರ್ತಿಸುತ್ತಾರೆ. ಆಗ ಎರಡು ಕಡೆ ಏಟು ಬೀಳುತ್ತದೆ. ಬರಹದ ನಡುವಿನ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. 'ರಾಜ್‌ಕುಮಾರ್' ಎಂಬಲ್ಲಿ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯಿದೆ. ಅದು ಬಿದ್ದುಹೋದರೆ 'ರಾಜ್ಕುಮಾರ್' ಆಗುತ್ತದೆ. ಅರ್ಧಾಕ್ಷರದ ಹೆಸರುಗಳನ್ನೂ ಅರ್ಕಾವತ್ತು, ದೀರ್ಘಗಳನ್ನೂ ಕರಡಿನಲ್ಲಿ ಒಂದೊಂದಾಗಿ ನೋಡಬೇಕು. ಇನ್‌ಡಿಸೈನ್ ಇದ್ದರೆ ಯೂನಿಕೋಡ್‌ನಲ್ಲೇ ಮಾಡಿಸಿ, 'ವರ್ಲ್ಡ್-ರೆಡಿ ಕಂಪೋಸರ್' ಆನ್ ಮಾಡಲು ಹೇಳಿ. ಇಲ್ಲದಿದ್ದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಬೀಳುತ್ತವೆ.

ಕರಡು ಎರಡು ಸಲ ತಿದ್ದಿ. ಎರಡನೆಯದರಲ್ಲಿ ಒಬ್ಬರು ದಿನಚರಿ ಪುಸ್ತಕ ಹಿಡಿದು ಹೆಸರುಗಳನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕರಡಿನಲ್ಲಿ ಟಿಕ್ ಹಾಕಲಿ.

ಪುಟ ಮತ್ತು ಅಚ್ಚು

ಪುಟಸಂಖ್ಯೆ 16ರ ಮಗ್ಗಿಯಲ್ಲಿರಲಿ, ಒಂದು ಫಾರಂ, ಎಂದರೆ ಅಚ್ಚಿನ ಒಂದು ದೊಡ್ಡ ಹಾಳೆ, ಅಷ್ಟು ಪುಟದ್ದು. 66 ಪುಟವಾದರೆ ಹೆಚ್ಚುವರಿ ಎರಡು ಪುಟಕ್ಕೂ ಬೇರೆ ಹಾಳೆ, ಬೇರೆ ಪ್ಲೇಟು ಹಿಡಿಯುತ್ತದೆ. 64 ಪುಟಕ್ಕೆ ಒಗ್ಗುವ ಒಂದು ಹಂಚಿಕೆ: ಆರಂಭದ ಪುಟಗಳು 4, ದಿನಚರಿ 10, ಸಂಘಗಳ ವರದಿ 8, ಫಲಿತಾಂಶ ಮತ್ತು ಬಹುಮಾನ 4, ಹುಡುಗರ ಬರಹ 22, ಹಳೆಯ ವಿದ್ಯಾರ್ಥಿಗಳು 12, ದಾನಿಗಳು, ಜಾಹೀರಾತು 4. ಜಾಗ ಸಾಲದಿದ್ದರೆ ಸಂದೇಶಗಳನ್ನು ಕಡಿಯಿರಿ, ಹುಡುಗರ ಬರಹವನ್ನಲ್ಲ.

ಮೂರು ಪ್ರೆಸ್‌ಗಳಿಂದ ದರ ಕೇಳುವಾಗ ಒಂದೇ ಒಕ್ಕಣೆ ಕೊಡಿ: ಕ್ರೌನ್ 1/4, ಒಳಪುಟ 64, 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ ಕಾಗದ) ಮ್ಯಾಪ್‌ಲಿಥೊ, ಒಂದು ಬಣ್ಣ. ಬಣ್ಣದ 8 ಪುಟ, 130 ಜಿಎಸ್‌ಎಂ ಆರ್ಟ್ ಪೇಪರ್. ರಕ್ಷಾಪುಟ 250 ಜಿಎಸ್‌ಎಂ ಆರ್ಟ್ ಕಾರ್ಡ್, ನಾಲ್ಕು ಬಣ್ಣ. ಸೆಂಟರ್ ಪಿನ್ (ನಡುಮಡಿಕೆಗೆ ಪಿನ್ ಹೊಡೆದ ಕಟ್ಟು). ಕಾಗದ ಇಂಥದ್ದೆಂದು ಹೇಳದೆ ಕೇಳಿದ ದರಗಳನ್ನು ಹೋಲಿಸಲು ಬರುವುದಿಲ್ಲ. ಸೆಂಟರ್ ಪಿನ್ ಹೊಡೆದರೆ ಬಣ್ಣದ ಪುಟಗಳು ನಡುವೆ ಬಂದು ಕೂರುತ್ತವೆ. ಪುಟ 80 ದಾಟಿದರೆ ಪಿನ್ ಬೇಡ, ಪರ್ಫೆಕ್ಟ್ ಬೈಂಡಿಂಗ್ (ಬೆನ್ನಿಗೆ ಅಂಟು ಹಚ್ಚಿದ ಕಟ್ಟು) ಮಾಡಿಸಿ, ಒಳಅಂಚು 20 ಮಿಲಿಮೀಟರ್ ಬಿಡಿ. ಇಲ್ಲದಿದ್ದರೆ ಸಾಲಿನ ಕೊನೆ ಬೆನ್ನಿನೊಳಗೆ ಮುಳುಗುತ್ತದೆ.

ಡಿಸೆಂಬರಿನಲ್ಲಿ ಪ್ರೆಸ್‌ಗಳೆಲ್ಲ ಕ್ಯಾಲೆಂಡರು, ಡೈರಿಗಳಲ್ಲಿ ಮುಳುಗಿರುತ್ತವೆ. ಜನವರಿ ಮೂರನೇ ವಾರದ ವಾರ್ಷಿಕೋತ್ಸವಕ್ಕೆ ಪ್ರತಿ ಕೈಗೆ ಸಿಗಬೇಕಾದರೆ ಬರಹವೆಲ್ಲ ಡಿಸೆಂಬರ್ 5ಕ್ಕೆ ಡಿಟಿಪಿ ಸೇರಿ, 25ರೊಳಗೆ ಅಂತಿಮ ಪಿಡಿಎಫ್ ಪ್ರೆಸ್‌ಗೆ ಹೋಗಿರಬೇಕು. ವಾರ್ಷಿಕೋತ್ಸವದ ಫೋಟೊ ಮುಂದಿನ ಸಂಚಿಕೆಗೆ. ಅದಕ್ಕಾಗಿ ಅಚ್ಚು ನಿಲ್ಲಿಸಿದ ಶಾಲೆಗಳು ಸಂಚಿಕೆಯನ್ನು ಏಪ್ರಿಲಿನಲ್ಲಿ, ಹತ್ತನೆಯವರು ಹೊರಟುಹೋದ ಮೇಲೆ ಹಂಚಿವೆ.

ಬಂದ ದಿನವೇ ಐದು ಪ್ರತಿ ಎತ್ತಿಡಿ: ಗ್ರಂಥಾಲಯಕ್ಕೆ ಎರಡು, ಕಚೇರಿಗೆ ಎರಡು, ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು. ಮಲೆನಾಡು, ಕರಾವಳಿಯ ಶಾಲೆಗಳು ಈ ಐದರ ಪಿನ್ ಕಿತ್ತು ಅದೇ ತೂತುಗಳಲ್ಲಿ ದಪ್ಪ ಹತ್ತಿ ದಾರದಿಂದ ಹೊಲಿದಿಡುವುದು ಒಳ್ಳೆಯದು, ನಾಲ್ಕಾರು ಮಳೆಗಾಲಕ್ಕೆ ಪಿನ್ ತುಕ್ಕು ಹಿಡಿದು ನಡುಪುಟ ಕಳಚಿ ಬರುತ್ತದೆ.